ಗೋಡೆಯ ಮೇಲಿನ ತಲೆಕಟ್ಟು

ಕನ್ನಡದ ತಲೆಕಟ್ಟು ಅಕ್ಷರದ ನೆತ್ತಿಯ ಮೇಲೆ ಅಡ್ಡಕ್ಕೆ ಮಲಗಿ, ಬಲತುದಿಯಲ್ಲಿ ಒಂಚೂರು ಸುರುಳಿಯಾಗುತ್ತದೆ. ತೆಲುಗಿನದು ಹಾಗಲ್ಲ. ಲೆಕ್ಕ ಸರಿಯಿದೆ ಎಂದು ಮಾಸ್ತರರು ಹಾಕುವ ರೈಟ್ ಗುರುತಿನಂತೆ ಕೊಂಚ ಕೆಳಗಿಳಿದು ಮೇಲಕ್ಕೆ ಚಿಮ್ಮುತ್ತದೆ. ಅದರ ಕೆಳಗಿನ ಮೈ ಬಹುಪಾಲು ಎರಡರಲ್ಲೂ ಒಂದೇ. ಹೈದರಾಬಾದಿಗೆ ಬಂದ ಹೊಸತರಲ್ಲಿ ನನಗೆ ಬೋರ್ಡು ಬರೆಯುವುದನ್ನು ಕಲಿಸಿದ ಉಸ್ತಾದರು ಹೇಳಿದ್ದೂ ಅದನ್ನೇ: ಮೈ ನಿನಗೆ ಬರುತ್ತದೆ, ತಲೆ ಬದಲಾಯಿಸುವುದನ್ನು ಕಲಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನಿಗೆ ಅಷ್ಟು ಪಾಠ ಸಾಕಾಯಿತು. ಕೈ ಕಲಿಯಿತು. ಆದರೆ ಒಂದು ಸಲ, ಒಂದು ಗೋಡೆಯ ಮೇಲೆ, ಕೈ ತನ್ನ ಮೊದಲ ಪಾಠಕ್ಕೇ ಮರಳಿತು. ಆ ತಪ್ಪಿಗೆ ನನ್ನ ತಂಗಿ ಜೈಲಿಗೆ ಹೋದಳು. ನಾನು ಗೊತ್ತಿದ್ದೂ ಹೋಗಗೊಟ್ಟೆ. ಅದು ಹೇಗಾಯಿತು, ಆಮೇಲೆ ಏನು ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಗ ಅಮೀರ್‌ಪೇಟೆಯಲ್ಲಿ ಕಂಪ್ಯೂಟರ್ ಕಲಿಸುವ ಸಂಸ್ಥೆಗಳು ಒಂದೇ ಕಟ್ಟಡದಲ್ಲಿ ಅಂತಸ್ತಿಗೊಂದರಂತೆ ಏಳುತ್ತಿದ್ದವು. ಯಾವ ಕೋರ್ಸಿಗೆ ನೌಕರಿ ಸಿಗುತ್ತದೆ ಎಂಬ ಸುದ್ದಿ ಬದಲಾದ ಹಾಗೆ ಬೋರ್ಡೂ ಬದಲಾಗಬೇಕು. ಮೈನ್‌ಫ್ರೇಮ್ ಅಳಿಸಿ ಜಾವಾ ಬರೆ ಎನ್ನುತ್ತಿದ್ದರು. ನಾನು ತಗಡಿಗೆ ಬಿಳಿ ಬಣ್ಣ ಬಳಿದು ಒಣಗಿಸಿ, ಸೀಮೆಸುಣ್ಣ ಸವರಿದ ದಾರವನ್ನು ಬಿಗಿಯಾಗಿ ಎಳೆದು ಚಟ್ಟನೆ ಬಿಟ್ಟು ಗೆರೆ ಮೂಡಿಸಿ, ಎಡಗೈಯಲ್ಲಿ ಹಿಡಿದ ಕೋಲಿನ ಮೇಲೆ ಬಲಗೈ ಮಣಿಕಟ್ಟು ಊರಿ ಬರೆಯುತ್ತಿದ್ದೆ. ಜಾವಾ ಎಂದರೇನು ಎಂದು ಯಾರನ್ನೂ ಕೇಳಲಿಲ್ಲ. ಇಂಗ್ಲಿಷ್ ಅಕ್ಷರ ನನಗೆ ಚಿತ್ರವಿದ್ದಂತೆ. ತೆಲುಗನ್ನು ಒಂದೊಂದೇ ಅಕ್ಷರ ಕೂಡಿಸಿ ಓದಬಲ್ಲೆ. ಸಂತೆಯ ಮಾತಾದರೆ ತಿಳಿಯುತ್ತದೆ, ಕಚೇರಿಯ ಮಾತು ತಿಳಿಯುವುದಿಲ್ಲ. ಆದರೂ ನನ್ನ ಅಕ್ಷರಕ್ಕೆ ಹೆಸರಿತ್ತು. ಆ ಹೆಸರಿನ ಸೊಕ್ಕೂ ನನಗಿತ್ತು.

ತಂಗಿ ಏಳನೆಯದರವರೆಗೆ ಓದಿದವಳು. ರಾಯಚೂರು ಜಿಲ್ಲೆಯ ನಮ್ಮ ಊರಲ್ಲಿ ನಾನು ಬಿಟ್ಟ ಶಾಲೆಗೆ ಅವಳು ಹೋದಳು. ಹೈದರಾಬಾದಿನಲ್ಲಿ ಅವಳು ಇದ್ದದ್ದು ಮಾದಾಪುರದ ಬಂಡೆಗಳ ನಡುವೆ, ಕಟ್ಟಡ ಕೂಲಿಗಳ ಗುಡಿಸಲಿನಲ್ಲಿ. ದೊಡ್ಡ ದೊಡ್ಡ ಗಾಜಿನ ಆಫೀಸುಗಳು ಏಳುತ್ತಿದ್ದ ಜಾಗದಲ್ಲಿ ತಲೆಯ ಮೇಲೆ ಕಾಂಕ್ರೀಟ್ ಬುಟ್ಟಿ ಹೊರುತ್ತಿದ್ದಳು. ಗುತ್ತಿಗೆದಾರನ ಎದುರು ದನಿ ಏರಿಸದೆ ಕೇಳಬೇಕಾದ್ದನ್ನು ಕೇಳುವುದು ಅವಳಿಗೆ ಗೊತ್ತಿತ್ತು. ಕೂಲಿಗಳು ಸಂಘ ಕಟ್ಟಿಕೊಂಡಾಗ ಅವಳನ್ನು ಮುಂದೆ ನಿಲ್ಲಿಸಿದರು. ಸಂಘ ಮೊದಲು ಕೂಲಿಯ ಮಾತಾಡುತ್ತಿತ್ತು. ಗುಡಿಸಲು ಎಬ್ಬಿಸುತ್ತಾರೆಂದು ಗೊತ್ತಾದ ಮೇಲೆ ಓಟಿನ ಮಾತಾಡಿತು. ಬರುವ ವಾರ್ಡ್ ಚುನಾವಣೆಯಲ್ಲಿ ಆಳುವ ಪಕ್ಷದವನ ಎದುರು ನನ್ನ ತಂಗಿಯನ್ನೇ ನಿಲ್ಲಿಸುವುದೆಂದು ಠರಾವಾಯಿತು. ಮೊದಲು ನಕ್ಕವರು, ಗುಡಿಸಲುಗಳಲ್ಲಿ ಎಷ್ಟು ಓಟಿವೆ ಎಂದು ಗೊತ್ತಾದ ಮೇಲೆ ನಗುವುದನ್ನು ನಿಲ್ಲಿಸಿದರು.

ಸರ್ಕಾರದ ಕೈಯಲ್ಲಿ ಒಂದು ಭದ್ರತೆಯ ಕಾಯ್ದೆ ಇತ್ತು. ಕಾಡಿನಲ್ಲಿ ಬಂದೂಕು ಹಿಡಿದವರಿಗಾಗಿ ಅದನ್ನು ಮಾಡಿದ್ದು ಎಂದು ಹೇಳುತ್ತಿದ್ದರು. ಯಾವ ಸಂಘವನ್ನಾದರೂ ಕಾನೂನುಬಾಹಿರ ಎಂದು ಗೆಜೆಟ್ಟಿನಲ್ಲಿ ಅಚ್ಚು ಹಾಕಿಸಿದರೆ ಸಾಕು, ಅದರ ಸಭೆಗೆ ಹೋಗುವುದು, ಅದಕ್ಕೆ ಚಂದಾ ಕೊಡುವುದು, ಅದರ ಪರವಾಗಿ ಬರೆಯುವುದು ಎಲ್ಲ ಅಪರಾಧವಾಗುತ್ತಿತ್ತು. ತಂಗಿಯ ಸಂಘ ಅಂಥವರ ಮುಖವಾಡ ಎಂದು ಗೆಜೆಟ್ಟಿನಲ್ಲಿ ಬಂತು. ಗುಡಿಸಲಿನಲ್ಲಿ ಗೆಜೆಟ್ ಓದುವವರು ಯಾರು?

ಅದು ಬಂದ ಮೇಲಿನ ಭಾನುವಾರ ಮಧ್ಯಾಹ್ನ ನಾನು ತಂಗಿಯ ಮನೆಗೆ ಊಟಕ್ಕೆ ಹೋದೆ. ಗುಡಿಸಲುಗಳ ಎದುರಿನ ಉದ್ದ ಗೋಡೆಗೆ ಸಂಘದವರು ಸುಣ್ಣ ಹೊಡೆದು ಒಣಗಿಸಿದ್ದರು. ಒಬ್ಬ ಗೌಂಡಿ ತೆಲುಗಿನಲ್ಲಿ ಘೋಷಣೆ ಬರೆಯಲು ಶುರು ಮಾಡಿದ್ದ. ಮೊದಲ ಅಕ್ಷರ ಗೋಡೆಯ ಅರ್ಧ ನುಂಗಿತ್ತು, ಎರಡನೆಯದು ಕುಗ್ಗಿ ಕೂತಿತ್ತು. ಕೆಟ್ಟ ಅಕ್ಷರ ನೋಡಿಕೊಂಡು ಸುಮ್ಮನೆ ಊಟ ಮಾಡುವುದು ನನ್ನಿಂದ ಆಗಲಿಲ್ಲ.

"ಸರಿಯೋ ಮಾರಾಯಾ, ಕಾಗಿ ಕಾಲು ಮೂಡಿಸಾಕತ್ತೀ," ಎಂದು ಅವನ ಕೈಯಿಂದ ಬ್ರಷ್ ಕಸಿದುಕೊಂಡೆ. ತಂಗಿ ಕಟ್ಟೆಯ ಮೇಲೆ ಕೂತು ನಕ್ಕಳು. "ಯಣ್ಣಾ, ನಿನ್ನ ಕರದಿದ್ದು ಉಣ್ಣಾಕ. ಪುಕ್ಕಟೆ ಬರಿಯಾಕ ಅಲ್ಲ," ಅಂದಳು.

ಸಾಲು ಇದು: ರಾಳ್ಳು ಕೊಟ್ಟಿನ ಚೇತುಲೇ ಓಟು ವೇಸ್ತಾಯಿ. ಕಲ್ಲು ಒಡೆದ ಕೈಗಳೇ ಓಟು ಹಾಕುತ್ತವೆ ಎಂದು ಅರ್ಥ. ಕೆಂಪು ಆಕ್ಸೈಡ್ ಬಣ್ಣವನ್ನು ಎಣ್ಣೆಯಲ್ಲಿ ಕಲಸಿ, ಕೋಲು ಊರದೆ, ಗೆರೆ ಹೊಡೆಯದೆ, ತಂಗಿಯೊಡನೆ ಮಾತಾಡುತ್ತಲೇ ಬರೆದು ಮುಗಿಸಿದೆ. ದೂರ ನಿಂತು ನೋಡಿದರೆ ಸಾಲು ನೂಲು ಹಿಡಿದಂತಿತ್ತು. ಆ ಸಾಲಿನಲ್ಲಿ ಬರೀ ತಲೆಕಟ್ಟು ಬರುವುದು 'ನ' ಮತ್ತು 'ತು' ಎರಡರ ಮೇಲೆ ಮಾತ್ರ. ಎರಡರ ಮೇಲೂ ಕನ್ನಡದ್ದು ಬಿದ್ದಿತ್ತು. ನನ್ನ ಕಣ್ಣಿಗೆ ಅದು ಬೀಳಲಿಲ್ಲ.

ಆ ವಾರದೊಳಗೇ ತಂಗಿಯನ್ನು ಕೆಲಸದ ಜಾಗದಿಂದ ಹಿಡಿದುಕೊಂಡು ಹೋದರು. ಮರುದಿನ ನನ್ನನ್ನೂ ಠಾಣೆಗೆ ಕರೆಸಿದರು. ಒಬ್ಬ ಎಸ್ಐ ಕುರ್ಚಿ ಕೊಟ್ಟು ಚಹಾ ತರಿಸಿದರು. ಆದವಾನಿ ಕಡೆಯವರು, ಅವರ ತಾಯಿ ಕನ್ನಡದವರಂತೆ. ಏನು ಕೆಲಸ ಎಂದು ಕೇಳಿದರು. ಪೇಂಟಿಂಗ್ ಅಂದೆ. ಮನೆಗಳಿಗೆ ಬಣ್ಣ ಬಳಿಯುವವನೆಂದು ಅವರು ತಿಳಿದರು. ನಾನು ತಿದ್ದಲಿಲ್ಲ. ನನ್ನ ತಪ್ಪು ಅಲ್ಲಿಂದಲೇ ಶುರುವಾಯಿತು.

ಅವರು ಮೇಜಿನ ಮೇಲೆ ಗೋಡೆಯ ಫೋಟೋಗಳನ್ನು ಹರಡಿದರು. ಪೆನ್ನಿನ ತುದಿಯಿಂದ ಎರಡು ಅಕ್ಷರ ತೋರಿಸಿದರು.

"ಈ 'ನ' ನೋಡು. ಈ 'ತು' ನೋಡು. ತೆಲುಗು ಸಾಲಿಗೆ ಹೋದೋನು ಯಾವನೂ ಹಿಂಗ ಬರ್ಯಾಂಗಿಲ್ಲ. ಇದು ಕನ್ನಡ ಕಲ್ತ ಕೈ. ಸಂಘದಾಗ ಕನ್ನಡ ಬರಿಯಾಕ ಬರೋದು ನಿನ್ನ ತಂಗಿ ಒಬ್ಬಾಕಿಗೆ. ಆಕಿ ಕೈನ ಹೌದಲ್ಲೋ?"

ಆಗ ಮೊದಲ ಸಲ ಆ ತಲೆಕಟ್ಟು ನನಗೆ ಕಂಡಿತು. ನನ್ನ ಕೈಗಳನ್ನು ಮೇಜಿನ ಕೆಳಗೆ ಎಳೆದುಕೊಂಡೆ. ಸೀಮೆಎಣ್ಣೆ ಹಾಕಿ ತಿಕ್ಕಿದ್ದರೂ ಉಗುರಿನ ಬುಡದಲ್ಲಿ ಕೆಂಪು ಉಳಿದಿತ್ತು. ಬರೆದವರಿಗೆ ಎಷ್ಟು ವರ್ಷ ಬೀಳುತ್ತದೆ ಎಂಬುದನ್ನು ಅವರು ಮೆಲ್ಲಗೆ, ಬೆದರಿಸುವ ದನಿಯೇ ಇಲ್ಲದೆ ಹೇಳಿದರು. ಅಮೀರ್‌ಪೇಟೆಯಲ್ಲಿ ಒಂದು ಇಡೀ ಕಟ್ಟಡದ ಬೋರ್ಡುಗಳನ್ನು ಒಪ್ಪಿಕೊಂಡಿದ್ದೆ. ಮನೆಯಲ್ಲಿ ಹೆಂಡತಿ ಬಸುರಿ. ಇವೆಲ್ಲ ಆಗ ತಲೆಯಲ್ಲಿ ಬಂದವೋ, ಆಮೇಲೆ ನನ್ನ ಸಮಾಧಾನಕ್ಕೆ ಹುಡುಕಿಕೊಂಡೆನೋ, ಈಗ ಹೇಳಲಾರೆ. ಬಾಯಿಂದ ಬಂದದ್ದು ಒಂದೇ ಮಾತು.

"ಇರಬೌದ್ರಿ ಸಾಹೇಬ್ರ."

ಹೇಳಿಕೆ ಬರೆಯುವ ರೈಟರ್ ಅದನ್ನು ತೆಲುಗಿನಲ್ಲಿ ಬರೆದುಕೊಂಡು ಓದಿ ಹೇಳಿದ. ಓಡುವ ಓದಿನಲ್ಲಿ ಒಂದು ಪದ ಮಾತ್ರ ನನಗೆ ತಿಳಿಯಿತು: ಗುರ್ತಿಂಚಾನು. ಗುರುತು ಹಿಡಿದಿದ್ದೇನೆ ಎಂದು. ನನ್ನ 'ಇರಬಹುದು' ಬಾಗಿಲು ದಾಟುವ ಮೊದಲೇ 'ಹೌದು' ಆಗಿತ್ತು. ತಡೆದು ಕೇಳಬಹುದಿತ್ತು. ಕೇಳದೆ, ಕನ್ನಡದಲ್ಲಿ, ಚೆಂದದ ಅಕ್ಷರದಲ್ಲಿ ಸಹಿ ಹಾಕಿ ಬಂದೆ.

ತಂಗಿಗೆ ಒಬ್ಬ ವಕೀಲರು ಸಿಕ್ಕಿದ್ದರು. ಅಬಿಡ್ಸ್‌ನಲ್ಲಿ ಪುಸ್ತಕದಂಗಡಿಯ ಮೇಲಿನ ಅಂತಸ್ತಿನಲ್ಲಿ ಅವರ ಆಫೀಸು. ಹಿರಿಯರು ಬೀದರ್ ಕಡೆಯವರು, ಮನೆಯಲ್ಲಿ ಕನ್ನಡ, ಹೊರಗೆ ಉರ್ದು. ಅವರು ಜಾಮೀನು ಕೊಡಿಸಿದರು. ಆ ದಿನ ನಾನು ಜೈಲಿನ ಗೇಟಿನ ಹೊರಗೆ ತಂಗಿಯ ಚಪ್ಪಲಿ ಹಿಡಿದು ನಿಂತಿದ್ದೆ. ಹಿಡಿಯುವಾಗ ಬರಿಗಾಲಲ್ಲಿ ಕರೆದೊಯ್ದಿದ್ದರು. ಗೇಟಿನೊಳಗಿನ ಸಣ್ಣ ಬಾಗಿಲು ತೆರೆಯಿತು, ತಂಗಿಯ ಮುಖ ಕಂಡಿತು, ಮತ್ತೆ ಮುಚ್ಚಿತು. ಹೊರಗೆ ಕಾಲಿಡುವ ಮೊದಲೇ ಇನ್ನೊಂದು ಕಾಯ್ದೆಯ ಆದೇಶವನ್ನು ಅವಳ ಕೈಗಿಟ್ಟು ಒಳಗೆ ತಿರುಗಿಸಿದ್ದರು.

ವಕೀಲರು ಅದನ್ನು ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದರು. "ನೀವು ಸಹಿ ಮಾಡಿದಂಥ ಕಾಗದ ಕೋರ್ಟಿನಾಗ ನಿಂದ್ರಂಗಿಲ್ಲ. ಅದಕ್ಕೇ ಕೋರ್ಟ್ ಬ್ಯಾಡಾದ ಕಾನೂನು ತಂದಾರ. ಆಗಿದ್ದಕ್ಕ ಶಿಕ್ಷಾ ಕೊಡೋ ಕಾನೂನು ಬ್ಯಾರೆ ಅದ. ಇದು ಆಗಬಹುದು ಅನ್ನೋದಕ್ಕ ಒಳಗಿಡೋದು. ಸಾಕ್ಷಿ ಬ್ಯಾಡ, ವಿಚಾರಣಿ ಬ್ಯಾಡ. ಸಾಹೇಬರಿಗೆ ಹಂಗ ಅನಿಸಿದರ ಮುಗೀತು."

ನಾನು ಕಾಗದಕ್ಕೆ ಸಹಿ ಹಾಕಿದ್ದು ಅವರಿಗೆ ಗೊತ್ತಿತ್ತು. ಪೊಲೀಸರು ಹೊಡೆದು ಹಾಕಿಸಿಕೊಂಡರೆಂದು ತಿಳಿದಿದ್ದರು. ಅದನ್ನೂ ನಾನು ತಿದ್ದಲಿಲ್ಲ.

ಆದೇಶದ ಜೊತೆ, ಯಾವ ಕಾರಣಕ್ಕೆ ಒಳಗಿಡುತ್ತಿದ್ದೇವೆ ಎಂದು ಬರೆದ ಹಾಳೆಗಳಿದ್ದವು. ಅದರಲ್ಲಿ ಗೋಡೆಯ ಸಾಲೇ ಮೊದಲ ಕಾರಣ. ತೆಲುಗಿನ ಆ 'ಕೊಟ್ಟಿನ'ವನ್ನು ಅವರು ಕಲ್ಲು ಒಡೆದ ಎಂದು ಓದದೆ ಕಲ್ಲು ಹೊಡೆದ ಎಂದು ಓದಿದ್ದರು. ಕಲ್ಲು ತೂರಾಟಕ್ಕೆ ಜನರನ್ನು ಎಬ್ಬಿಸಬಹುದು, ಶಾಂತಿ ಕದಡಬಹುದು, ಚುನಾವಣೆಗೆ ಅಡ್ಡಿಯಾಗಬಹುದು. ಹಾಳೆ ತುಂಬ 'ಬಹುದು'ಗಳೇ ಎಂದು ವಕೀಲರು ಓದುತ್ತ ಹೋದರು. ನನಗೆ ನನ್ನದೊಂದು ನೆನಪಾಗುತ್ತಿತ್ತು.

ಅವರಿಗೆ ಒಂದು ದಾರಿ ಕಂಡಿತು. ಹಾಗೆ ಒಳಗಿಟ್ಟವರಿಗೆ ಅವರು ಬಲ್ಲ ಭಾಷೆಯಲ್ಲೇ ಕಾರಣಗಳನ್ನು ಕೊಡಬೇಕು. ಇಲ್ಲದಿದ್ದರೆ ಅವರು ಅದಕ್ಕೆ ಉತ್ತರ ಬರೆಯುವುದು ಹೇಗೆ? ತಂಗಿಗೆ ಕೊಟ್ಟದ್ದು ತೆಲುಗಿನಲ್ಲಿ, ಜೊತೆಗೆ ಇಂಗ್ಲಿಷಿನಲ್ಲಿ. ಅವಳು ಓದಬಲ್ಲದ್ದು ಕನ್ನಡ ಒಂದೇ ಎಂದು ತೋರಿಸಿದರೆ ಹೈಕೋರ್ಟಿನಲ್ಲಿ ಆದೇಶ ಬಿದ್ದುಹೋಗುತ್ತದೆ ಎಂದರು. ನನಗೆ ಎದೆಯ ಮೇಲಿನ ಬಂಡೆ ಸರಿದಂತಾಯಿತು. ನಾನು ಬಾಯಿ ಬಿಡದೆಯೇ ಅವಳು ಹೊರಗೆ ಬರುವ ದಾರಿ ಅದು.

ಅದಕ್ಕಾಗಿ ನಾನು ಮೈಮುರಿದು ಓಡಾಡಿದೆ. ಊರಿಗೆ ಹೋಗಿ ಶಾಲೆಯಲ್ಲಿ ಅವಳ ದಾಖಲೆ ತೆಗೆಸಿದೆ. ಹೆಡ್‌ಮಾಸ್ತರರು ರಜೆಯಲ್ಲಿದ್ದರು, ಅವರ ಮನೆ ಹುಡುಕಿಕೊಂಡು ಲಿಂಗಸುಗೂರಿಗೆ ಹೋದೆ. ಅವಳ ಹಳೆಯ ಮಾಸ್ತರರಿಂದ, ತೆಲುಗು ಕಲಿಸಿಯೇ ಇಲ್ಲ, ಇಂಗ್ಲಿಷ್ ಎಬಿಸಿಡಿ ದಾಟಿಲ್ಲ ಎಂದು ಬರೆಸಿಕೊಂಡೆ. ಹೈದರಾಬಾದಿಗೆ ತಿರುಗಿ ಬಂದವನು ಹಗಲು ಬೋರ್ಡು ಬರೆದು, ಸಂಜೆ ಅಬಿಡ್ಸ್‌ನ ಮೆಟ್ಟಿಲು ಹತ್ತುತ್ತಿದ್ದೆ. ನಿಮ್ಮಂಥ ಅಣ್ಣ ಎಲ್ಲರಿಗೂ ಇರಲಿ ಎಂದು ವಕೀಲರ ಗುಮಾಸ್ತ ಒಂದು ದಿನ ಅಂದ. ನಾನು ತಲೆ ಬಗ್ಗಿಸಿ ಚಹಾ ಕುಡಿದೆ.

ಆಮೇಲೆ ಸರ್ಕಾರದ ಉತ್ತರ ಬಂತು. ವಕೀಲರು ಅದನ್ನು ಒಮ್ಮೆ ತಮ್ಮಷ್ಟಕ್ಕೆ ಓದಿಕೊಂಡು, ಕನ್ನಡಕ ತೆಗೆದು ಒರೆಸಿ, ನನಗೆ ಕನ್ನಡದಲ್ಲಿ ಹೇಳಿದರು. ಈಕೆಗೆ ತೆಲುಗು ಬರುವುದಿಲ್ಲ ಎಂಬುದು ಸುಳ್ಳು. ಗೋಡೆಯ ಮೇಲೆ ತೆಲುಗು ಬರೆದವಳು ಈಕೆಯೇ. ಅಕ್ಷರವನ್ನು ಈಕೆಯ ಸ್ವಂತ ಅಣ್ಣನೇ ಗುರುತಿಸಿದ್ದಾನೆ.

ನಾನು ಬೆವತು ತಂದ ಕಾಗದಗಳೆಲ್ಲ ನನ್ನ ಒಂದು ಸಹಿಯ ಕೆಳಗೆ ಮುಚ್ಚಿಹೋದವು.

"ಹೊಡದು ಬರೆಸಿಕೊಂಡಾರ ಅಂತ ಬರೀಲೇನು?" ಎಂದು ವಕೀಲರು ಕೇಳಿದರು.

ಇಲ್ಲ, ಚಹಾ ಕೊಟ್ಟರು ಅಂದೆ. ಆಮೇಲೆ ಗೋಡೆ ಬರೆದದ್ದು ಯಾರೆಂದು ಹೇಳಿದೆ. ಕೆಳಗೆ ರಸ್ತೆಯಲ್ಲಿ ಬಸ್ಸು ಒಂದೇ ಸಮನೆ ಹಾರ್ನ್ ಹಾಕುತ್ತಿತ್ತು. ವಕೀಲರು ಎದ್ದು ಕಿಟಕಿ ಮುಚ್ಚಿದರು.

"ನಾ ನಿಮ್ಮ ತಂಗಿ ವಕೀಲ ಇದ್ದೀನಿ, ನಿಮ್ಮ ವಕೀಲ ಅಲ್ಲ. ಇಲ್ಲಿಂದ ಮುಂದ ನೀವು ಏನು ಹೇಳಿದರೂ ಅದು ನಿಮ್ಮ ಕೊರಳಿಗೇ ಬರ್ತದ. ಮನಿಗೆ ಹೋಗ್ರಿ. ವಿಚಾರ ಮಾಡಿ ಬರ್ರಿ."

ನಾನು ಮನೆಗೆ ಹೋಗಲಿಲ್ಲ. ಬಸ್ಸು ಹಿಡಿದು ಮಾದಾಪುರಕ್ಕೆ ಹೋದೆ. ಗುಡಿಸಲುಗಳು ಇರಲಿಲ್ಲ. ಅವಳು ಒಳಗಿದ್ದಾಗಲೇ ಎಬ್ಬಿಸಿದ್ದರು. ಜೆಸಿಬಿ ಹಾದ ಮಣ್ಣಿನ ಮೇಲೆ ಒಲೆಯ ಕಲ್ಲುಗಳು ಮಾತ್ರ ಮೂರು ಮೂರಾಗಿ ಹಾಗೇ ಉಳಿದಿದ್ದವು. ಜೈಲಿನಲ್ಲಿದ್ದುಕೊಂಡೂ ಚುನಾವಣೆಗೆ ಅರ್ಜಿ ಹಾಕಬಹುದು ಎಂದು ವಕೀಲರು ಹೇಳಿದ್ದರು. ಆದರೆ ಸೂಚಕರಾಗಿ ಸಹಿ ಹಾಕುತ್ತೇವೆ ಎಂದಿದ್ದವರು, ಸಂಘಕ್ಕೆ ನೆರವಾದರೂ ಅಪರಾಧ ಎಂದು ಕೇಳಿ ಚದುರಿಹೋಗಿದ್ದರು. ಅರ್ಜಿ ಹಾಕುವ ದಿನ ದಾಟಿಹೋಯಿತು.

ಗೋಡೆ ಮಾತ್ರ ಇತ್ತು. ನನ್ನ ಸಾಲಿನ ಮೇಲೆ ಯಾರೋ ಸುಣ್ಣ ಹೊಡೆದಿದ್ದರು. ಎಣ್ಣೆ ಬಣ್ಣದ ಮೇಲೆ ಸುಣ್ಣ ನಿಲ್ಲುವುದಿಲ್ಲ. ಒಣಗಿದ ಮೇಲೆ ಹಕ್ಕಳೆ ಎದ್ದು ಉದುರುತ್ತದೆ. ಅಕ್ಷರ ಅಕ್ಷರವೇ ಕೆಂಪಗೆ ಹೊರಬರುತ್ತಿತ್ತು. 'ನ'ದ ತಲೆಕಟ್ಟು ಪೂರಾ ಕಾಣುತ್ತಿತ್ತು. ಅದರ ಮುಂದೆ ನಿಂತು, ಮತ್ತೆ ಅಬಿಡ್ಸ್‌ಗೆ ಹೋಗುವುದೆಂದು ಗಟ್ಟಿ ಮಾಡಿದೆ. ಹೆಂಡತಿಗೆ ಮನೆಯಲ್ಲಿ ಹೇಳಿದಾಗ ಅವಳು ಅಳಲಿಲ್ಲ, ಬೈಯಲೂ ಇಲ್ಲ. ಇಷ್ಟು ದಿನ ನೀವು ಊಟ ಸೇರದೆ ಕೂಡ್ತಿದ್ದದ್ದು ಇದಕ್ಕೇನು ಎಂದು ಕೇಳಿದಳು.

ಹೈಕೋರ್ಟಿನಲ್ಲಿ ವಾಯಿದೆಯ ಮೇಲೆ ವಾಯಿದೆ ಬೀಳುತ್ತಿತ್ತು. ಅದಕ್ಕಿಂತ ಮೊದಲು, ಇಂಥ ಆದೇಶಗಳನ್ನು ನೋಡುವ ಸಲಹಾ ಮಂಡಳಿಯೊಂದು ಕೂಡುವುದಿತ್ತು. ಅದರಲ್ಲಿರುವವರು ನ್ಯಾಯಾಧೀಶರು. ಆದರೆ ಒಳಗಿದ್ದವರ ಪರವಾಗಿ ವಕೀಲರು ಅಲ್ಲಿಗೆ ಹೋಗುವಂತಿಲ್ಲ. ವಕೀಲನಲ್ಲದ ಒಬ್ಬ ಗೆಳೆಯನನ್ನು ಕರೆದೊಯ್ಯಬಹುದು, ಅಷ್ಟೆ. ಆ ಗೆಳೆಯ ಯಾರೆಂದು ತಂಗಿಯೇ ಜೈಲಿನಿಂದ ಅರ್ಜಿ ಬರೆಯಬೇಕು. ಅದಕ್ಕಾಗಿ ಅವಳನ್ನು ಕಾಣಲು ಜೈಲಿಗೆ, ಮುಲಾಖಾತಿಗೆ ಹೋದೆ.

ಎರಡು ಜಾಳಿಗೆಯ ನಡುವೆ ತೋಳುದ್ದ ಅಂತರ. ಆಚೆ ತಂಗಿ, ಈಚೆ ನಾನು. ಅಕ್ಕ ಪಕ್ಕದವರೆಲ್ಲ ಕೂಗಿ ಮಾತಾಡುತ್ತಿದ್ದರು. ನಾನು ಹೇಗೆ ಶುರು ಮಾಡಲಿ ಎಂದು ತಡವರಿಸುವಾಗ ಅವಳೇ ಮಾತೆತ್ತಿದಳು.

"ಆದೇಶದ ಕಾಗದ ಕೊಟ್ಟ ದಿನಾನ ಓದೀನಿ ಯಣ್ಣಾ. ಮಾತು ತಿಳೀಲಿಲ್ಲ. ಅಕ್ಷರ ಕೂಡಿಸಿದೆ, ನಿನ್ನ ಹೆಸರು ತಿಳೀತು."

"ನಾ ಬರೇ ಇರಬೌದು ಅಂದಿದ್ದೆ."

"ನೀನ ಬರೆದಿದ್ದಿ. ನನ್ನ ಮುಂದ ಬರೆದಿ. ಇರಬೌದು ಅಂದ್ರೇನು?"

ಮಂಡಳಿಯ ವಿಷಯ ಹೇಳಿದೆ. ಗೋಡೆ ನನ್ನದೆಂದು ಅಲ್ಲಿ ಹೇಳುತ್ತೇನೆ ಅಂದೆ. ಅವಳು ಜಾಳಿಗೆಗೆ ಬೆರಳು ಸಿಕ್ಕಿಸಿ ನಿಂತು ಯೋಚಿಸಿದಳು. ನೀನು ಒಳಗೆ ಬಂದರೆ ಅತ್ತಿಗೆಯ ಹೆರಿಗೆಗೆ ಯಾರು ಎಂದು ಕೇಳಿದಳು. ನೀನು ಹೊರಗೆ ಬಂದಿರುತ್ತೀಯಲ್ಲ ಎಂದೆ. ಅದಕ್ಕೆ ಅವಳ ಮುಖದಲ್ಲಿ ನಗು ಬರಲು ನೋಡಿ ನಿಂತಿತು.

"ಅರ್ಜಿದಾಗ ಗೆಳೆಯ ಅಂತ ನಿನ್ನ ಹೆಸರು ಬರೀಲೇನು?"

ಬರೆ ಅಂದೆ.

"ಅಲ್ಲಿ ಬಂದು ಮತ್ತ ಇರಬೌದು ಅನಬ್ಯಾಡ."

ಮಂಡಳಿ ಕೂಡುವ ದಿನ ಒಗೆದ ಅಂಗಿ ಹಾಕಿಕೊಂಡು ಹೋದೆ. ಚೀಲದಲ್ಲಿ ನನ್ನ ಚಪ್ಪಟೆ ಬ್ರಷ್, ಕೆಂಪು ಬಣ್ಣದ ಸಣ್ಣ ಡಬ್ಬಿ, ಸುತ್ತಿದ ದಪ್ಪ ಹಾಳೆಗಳು. ಗೇಟಿನಲ್ಲಿ ಡಬ್ಬಿಯ ಮುಚ್ಚಳ ತೆಗೆಸಿ ಮೂಸಿ ನೋಡಿ ಒಳಗೆ ಬಿಟ್ಟರು. ಬಾಗಿಲಲ್ಲಿದ್ದ ಗುಮಾಸ್ತ ನಿನಗೂ ಆಕೆಗೂ ಏನಾಗಬೇಕು ಎಂದು ತೆಲುಗಿನಲ್ಲಿ ಕೇಳಿದ. ಅಣ್ಣ ಅಂದೆ. ಅರ್ಜಿಯಲ್ಲಿ ಗೆಳೆಯ ಎಂದಿದೆ, ಅಣ್ಣನಾದರೆ ಗೆಳೆಯ ಹೇಗೆ ಎಂದು ಅವನು ಕಾಗದ ಹಿಡಿದು ನಿಂತ. ಒಳಗೆ ಹೋಗಿ ಕೇಳಿ ಬಂದ. ಹಿರಿಯ ನ್ಯಾಯಾಧೀಶರು, ಅಣ್ಣ ಗೆಳೆಯನಾಗಬಾರದು ಅಂತ ಕಾಯ್ದೆಯಲ್ಲಿ ಎಲ್ಲೂ ಇಲ್ಲವಲ್ಲ ಎಂದು ನಕ್ಕರಂತೆ.

ಉದ್ದ ಮೇಜಿನ ಆಚೆ ಮೂವರು ವಯಸ್ಸಾದವರು. ಒಂದು ಬದಿಗೆ ಅಧಿಕಾರಿಗಳು, ಅವರ ಹಿಂದೆ ಆದವಾನಿಯ ಎಸ್ಐ. ಇನ್ನೊಂದು ಬದಿಗೆ ಮಹಿಳಾ ಪೊಲೀಸರ ನಡುವೆ ತಂಗಿ. ಕನ್ನಡ ಬಲ್ಲ ಒಬ್ಬರನ್ನು ನಮ್ಮ ಮಾತು ತೆಲುಗಿಗೆ ತಿರುಗಿಸಲು ಕೂರಿಸಿದ್ದರು. ಸಾಲನ್ನು ಬರೆದು ತೋರಿಸು ಎಂದು ಮೊದಲು ತಂಗಿಗೆ ಹೇಳಿದರು. ಅವಳು ಕನ್ನಡದ ಗುಂಡು ಅಕ್ಷರದಲ್ಲಿ, ಸಾಲು ಓರೆಯಾಗಿ ಏರುವಂತೆ ಬರೆದಳು. ತೆಲುಗಿನಲ್ಲಿ ಬರೆ ಎಂದಾಗ ಅದೇ ಅಕ್ಷರಗಳನ್ನು ಮತ್ತೆ ಬರೆದು, ಇಷ್ಟೇ ಬರುತ್ತದೆ ಎಂದಳು.

ಆಮೇಲೆ ಹಿರಿಯರು ನನ್ನ ಕಡೆ ತಿರುಗಿದರು. ನಾನು ಎದ್ದು ನಿಂತೆ. ಗೋಡೆ ಬರೆದವನು ನಾನು, ನನ್ನ ಕೆಲಸವೇ ಬೋರ್ಡು ಬರೆಯುವುದು ಎಂದೆ. ಅಧಿಕಾರಿಗಳ ಬದಿಯಲ್ಲಿ ಕುರ್ಚಿ ಸರಿದ ಸದ್ದಾಯಿತು. ಮಾತು ತಿರುಗಿಸುವವರು ಅದನ್ನು ಇನ್ನೂ ಹೇಳಿ ಮುಗಿಸಿರಲಿಲ್ಲ, ಎಸ್ಐ ನನ್ನನ್ನೇ ನೋಡುತ್ತಿದ್ದರು. ಅವರಿಗೆ ತಿರುಗಿಸುವವರು ಬೇಕಿರಲಿಲ್ಲ.

ನೀನೀಗ ಹೇಳುವುದು ನಿನಗೇ ತೊಂದರೆ ತರುತ್ತದೆ, ಹೇಳಲೇಬೇಕೆಂದಿಲ್ಲ ಎಂದು ಹಿರಿಯರು ಎಚ್ಚರಿಸಿದರು. ಗೊತ್ತು ಅಂದೆ. ನೆಲದ ಮೇಲೆ ಹಾಳೆ ಹರಡಿ ಕೂತು ಬರೆದೆ. ಕೋಲು ಊರಲಿಲ್ಲ, ಗೆರೆ ಹೊಡೆಯಲಿಲ್ಲ. ಅವರು ಫೋಟೋವನ್ನು ಪಕ್ಕಕ್ಕಿಟ್ಟು ನೋಡಿದರು. ತಂಗಿಯ ಓರೆ ಸಾಲನ್ನೂ ನೋಡಿದರು. ಇನ್ನೊಬ್ಬ ನ್ಯಾಯಾಧೀಶರು, ಬೋರ್ಡು ಬರೆಯುವವನು ತೆಲುಗಿನ ತಲೆಕಟ್ಟು ತಪ್ಪುವುದು ಹೇಗೆ ಎಂದು ಕೇಳಿದರು.

"ಬೋರ್ಡಿನಾಗ ತಪ್ಪಾಂಗಿಲ್ರಿ. ಅದು ಮಂದಿದು, ಕೈ ಎಚ್ಚರ ಇರ್ತೈತಿ. ಅವತ್ತು ತಂಗಿ ಮನಿ ಮುಂದ ನಿಂತು ಬರೆದೆ. ಎಚ್ಚರ ಇರಬೇಕಂತ ಅನ್ನಿಸಲಿಲ್ರಿ."

ಠಾಣೆಯಲ್ಲಿ ಆಕೆಯ ಕೈ ಎಂದು ಗುರುತಿಸಿದ್ದೇನೆ ಎಂದು ಸಹಿ ಮಾಡಿದ್ದೀಯಲ್ಲ ಎಂದು ಹಿರಿಯರು ಕೇಳಿದರು.

"ಇರಬೌದು ಅಂದಿದ್ದೆ ರೀ."

ಅಷ್ಟು ಹೇಳಿ ನಿಲ್ಲಿಸಿದ್ದರೆ ಸಾಕಿತ್ತೇನೋ. ಪೊಲೀಸರು ತಿರುಚಿದರು ಎಂದು ಅವರೇ ಬರೆದುಕೊಳ್ಳುತ್ತಿದ್ದರು. ತಂಗಿ ನನ್ನತ್ತ ನೋಡಲಿಲ್ಲ, ಮೇಜಿನ ಮೇಲಿನ ಹಾಳೆಯನ್ನೇ ನೋಡುತ್ತಿದ್ದಳು.

"ಅದೂ ಸುಳ್ಳೇ ರೀ. ನನ್ನ ಕೈ ನನಗ ಗೊತ್ತಿರಲಿಲ್ಲೇನ್ರಿ? ಅಂಜಿ ಆಕಿ ಮ್ಯಾಲ ಹಾಕಿದೆ."

ಹಿರಿಯರು ಬಹಳ ಹೊತ್ತು ಬರೆದುಕೊಂಡರು. ನನ್ನ ಹಾಳೆಯ ಬಣ್ಣ ಒಣಗಿರಲಿಲ್ಲ. ಗುಮಾಸ್ತ ಅದನ್ನು ಕಡತಕ್ಕೆ ಸೇರಿಸಲಾಗದೆ ಫ್ಯಾನಿನ ಕೆಳಗೆ ಹಿಡಿದು ನಿಂತಿದ್ದ.

ಅವಳನ್ನು ಒಳಗಿಡಲು ಸಾಕಷ್ಟು ಕಾರಣವಿಲ್ಲ ಎಂದು ಮಂಡಳಿ ಬರೆಯಿತು. ಕೆಲವು ದಿನಗಳಲ್ಲಿ ತಂಗಿ ಹೊರಗೆ ಬಂದಳು. ಜೈಲಿನ ಗೇಟಿಗೆ ನಾನೇ ಚಪ್ಪಲಿ ಒಯ್ದಿದ್ದೆ. ಹಾಕಿಕೊಂಡು ಮುಂದೆ ನಡೆದಳು. ಅಷ್ಟು ಹೊತ್ತಿಗೆ ಓಟು ಮುಗಿದಿತ್ತು. ನಮ್ಮ ಮನೆಯಲ್ಲೇ ಇದ್ದಳು, ನನ್ನ ಹೆಂಡತಿಗೆ ನೀರು ಹೊರಲು ಬಿಡಲಿಲ್ಲ, ನನಗೆ ಮಾತ್ರ ತಾನಾಗಿ ಬಡಿಸಲಿಲ್ಲ. ಗುಡಿಸಲಿನವರು ಯಾರು ಯಾರು ಎಲ್ಲಿಗೆ ಹೋದರೆಂದು ಹುಡುಕುತ್ತ ದಿನವೂ ಹೊರಗೆ ಹೋಗುತ್ತಿದ್ದಳು.

ನನ್ನನ್ನು ಹಿಡಿಯಲು ಎಸ್ಐ ತಾವೇ ಅಮೀರ್‌ಪೇಟೆಗೆ ಬಂದರು. ನಾನು ಸಾರುವೆಯ ಮೇಲೆ ಕೂತು ತೆಲುಗಿನಲ್ಲಿ ಜಾವಾ ಬರೆಯುತ್ತಿದ್ದೆ. 'ಜಾ' ಮುಗಿದಿತ್ತು.

"ಇಳಿಯಪ್ಪಾ. ಅವತ್ತ ಹೇಳಿದ್ರ ಇಷ್ಟು ತಿರುಗಾಟ ತಪ್ತಿತ್ತಲ್ಲೋ," ಅಂದರು.

ಹೌದ್ರಿ ಅಂದೆ. ಬಣ್ಣಕ್ಕೆ ಕೆನೆ ಕಟ್ಟಬಾರದೆಂದು ಡಬ್ಬಿ ಮುಚ್ಚಿ ಇಳಿಯುವವರೆಗೆ ಅವರು ಕಾದರು. ಠಾಣೆಯಲ್ಲಿ ಅದೇ ಮೇಜು, ಅದೇ ಫೋಟೋ. ಈ ಸಲ ಚಹಾ ಇರಲಿಲ್ಲ. ರೈಟರ್ ಓದಿ ಮುಗಿಸಿದ ಮೇಲೆ ನಿಧಾನವಾಗಿ ಇನ್ನೊಮ್ಮೆ ಓದು ಎಂದು ಕೇಳಿದೆ. ಅವನು ಎಸ್ಐ ಮುಖ ನೋಡಿದ. ಓದು ಎಂದು ಅವರು ಸನ್ನೆ ಮಾಡಿದರು. ಪದ ಪದಕ್ಕೂ ಅರ್ಥ ಕೇಳಿ ಸಹಿ ಹಾಕಿದೆ.

ಜಾಮೀನು ಸಿಗುವವರೆಗೆ ಒಳಗಿದ್ದೆ. ಬೋರ್ಡಿನ ಉಳಿದ ಕೆಲಸವನ್ನು ಬೇರೆಯವರು ಮಾಡಿದರು, ಆಮೇಲೆ ಅಲ್ಲಿ ಫ್ಲೆಕ್ಸ್ ಬಂತು. ಆ ಕೇಸಿಗೆ ನಾನು ಈಗಲೂ ಹೋಗುತ್ತೇನೆ. ಕರೆದಾಗ ಕೈ ಎತ್ತಿ ಹಾಜರು ಹೇಳಿ ಬರುತ್ತೇನೆ.

ತಂಗಿ ಮುಲಾಖಾತಿಗೆ ಬಂದದ್ದು ನನ್ನ ಹೆಂಡತಿಗೆ ಹೆರಿಗೆಯಾದ ಮೇಲೆ. ಈಗ ಜಾಳಿಗೆಯ ಈಚೆ ನಾನು, ಆಚೆ ಅವಳು. ಹೆಣ್ಣುಕೂಸು, ತಾಯಿ ಮಗು ಚೆನ್ನಾಗಿದ್ದಾರೆ ಎಂದಳು. ಚದುರಿದವರಲ್ಲಿ ಅರ್ಧ ಜನ ಸಿಕ್ಕಿದ್ದಾರೆ, ಬೇರೆ ಹೆಸರಿನಲ್ಲಿ ಸಂಘ ಕಟ್ಟುತ್ತಿದ್ದೇವೆ, ಮುಂದಿನ ಸಲಕ್ಕೆ ಓಟರ್ ಪಟ್ಟಿ ಈಗಿನಿಂದಲೇ ನೋಡಬೇಕು ಎಂದಳು. ಗೋಡೆಗೆ ಮತ್ತೊಂದು ಕೈ ಸುಣ್ಣ ಹೊಡೆದಿದ್ದಾರಂತೆ, ಅದೂ ಉದುರುತ್ತಿದೆಯಂತೆ. ಹೊತ್ತಾಯಿತು ಎಂದು ಜೈಲಿನವನು ಕೂಗಿದ. ಅವಳು ಸೆರಗು ಸರಿಪಡಿಸಿಕೊಂಡು ಹೊರಟಾಗ ಕೇಳಿಯೇ ಬಿಟ್ಟೆ.

"ನನ್ನ ಮ್ಯಾಲಿನ ಸಿಟ್ಟು ಹೋತೇನವ್ವಾ?"

ಅವಳು ನಿಂತಳು. ಸುಳ್ಳು ಹೇಳುವುದು ಅವಳಿಗೆ ಬರುವುದಿಲ್ಲ. ಜಾಳಿಗೆಯ ಆಚೆಯಿಂದ ನನ್ನ ಮುಖವನ್ನು ಸರಿಯಾಗಿ ನೋಡಿದಳು.

"ಹೋಗಬೌದು," ಅಂದಳು.